ತುದಿ ಕಡಿಯದೆ ಕಟ್ಟಿದ ಚರ್ಚು

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ಮಗಳ ಮನೆಗೆಂದು ಫ್ರಾನ್ಸಿಗೆ ಹೋಗಿದ್ದಾಗ ನಾರ್ಮಂಡಿಯ ಮೋಂ ಸ್ಯಾಂ ಮಿಶೆಲ್ ನೋಡಿಬಂದೆವು. ಕಡಲಿನ ನಡುವೆ ಚೂಪಾದ ಬಂಡೆ, ಅದರ ನೆತ್ತಿಯ ಮೇಲೆ ಮಠ. ಒಳಗೆ ಹೋದರೆ ಚರ್ಚಿನ ನೆಲ ಉದ್ದಕ್ಕೂ ಸಮತಟ್ಟಾಗಿದೆ. ಮೊನಚು ಬಂಡೆಯ ಮೇಲೆ ಅಷ್ಟು ಸಮತಟ್ಟು ಜಾಗ ಎಲ್ಲಿಂದ ಬಂತು? ತುದಿಯನ್ನು ಕಡಿದು ಹಾಕಿದರೇ? ಗೈಡ್ ‘ಸಾವಿರ ವರ್ಷದ ಕಟ್ಟಡ’ ಎಂದರು. ನನ್ನ ಅಳಿಯ ಮಾತ್ರ ‘ಇದೆಲ್ಲ 19ನೇ ಶತಮಾನದಲ್ಲಿ ಹೊಸದಾಗಿ ಕಟ್ಟಿದ್ದು’ ಎನ್ನುತ್ತಾನೆ. ಯಾರ ಮಾತು ಸರಿ? ಇನ್ನೊಂದು ಸಣ್ಣ ಅನುಮಾನ: ಕಂಬಸಾಲಿನ ಅಂಗಳದ ಒಂದು ಬದಿಯ ತೆರಪುಗಳಾಚೆ ಬರೀ ಆಕಾಶವಿದೆ. ಅಲ್ಲಿ ಏನಿತ್ತು?
– ಧಾರವಾಡದ ಓದುಗರು

ಉತ್ತರ: ಇಲ್ಲ, ತುದಿಯನ್ನು ಕಡಿಯಲಿಲ್ಲ. ಅದು ಈಗಲೂ ಚರ್ಚಿನ ನಡುಭಾಗದ ಅಡಿಯಲ್ಲಿ ಹಾಗೆಯೇ ಇದೆ. ನೀವು ಅದರ ಮೇಲೆ ನಡೆದು ಬಂದಿದ್ದೀರಿ.

ಒಂದು ತೆಂಗಿನಕಾಯಿಯನ್ನು ನೆಟ್ಟಗೆ ನಿಲ್ಲಿಸಿ ಅದರ ಮೇಲೆ ಶಿಲುಬೆಯಾಕಾರದ ಹಲಗೆ ಇಡಿ. ಹಲಗೆಯ ನಡು ಮಾತ್ರ ಕಾಯಿಗೆ ತಾಗುತ್ತದೆ, ನಾಲ್ಕು ತೋಳುಗಳು ಗಾಳಿಯಲ್ಲಿ ನಿಲ್ಲುತ್ತವೆ. ಹಲಗೆ ಬೀಳಬಾರದು ಎಂದರೆ ಪ್ರತಿ ತೋಳಿನ ಅಡಿಗೂ ಒಂದು ಆಸರೆ ಕೊಡಬೇಕು. 1023ರಲ್ಲಿ ಮಠಾಧಿಪತಿ ಇಲ್ಡಬೇರ್ ಅವರ ಕಾಲದಲ್ಲಿ ಶುರುವಾದ ಕೆಲಸ ಇದೇ. ಬಂಡೆಯ ಎತ್ತರ ಸುಮಾರು 80 ಮೀಟರ್, ಕಟ್ಟಬೇಕೆಂದಿದ್ದ ಚರ್ಚಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಗಟ್ಟಿ ಗ್ರಾನೈಟ್ ನೆತ್ತಿಯನ್ನು ಅಷ್ಟುದ್ದಕ್ಕೆ ಸವರಿ ಹಾಕುವುದು ಆ ಕಾಲದ ಉಳಿಗಳಿಗೆ ತಲೆಮಾರುಗಳ ಕೆಲಸ. ಅಲ್ಲದೆ ಆ ನೆತ್ತಿಯೇ ಅವರ ಪಾಲಿಗೆ ಪವಿತ್ರ ಸ್ಥಳ. ಹಾಗಾಗಿ ಶಿಲುಬೆಯ ನಡುವನ್ನು ಬಂಡೆಯ ಮೇಲೆ ಕೂರಿಸಿ, ನಾಲ್ಕೂ ತೋಳುಗಳ ಅಡಿಗೆ ಇಳಿಜಾರಿನಲ್ಲಿ ನಾಲ್ಕು ಗುಡಿಗಳ ಆಸರೆ ಕೊಟ್ಟರು. ಇವುಗಳನ್ನು ಕ್ರಿಪ್ಟ್ ಎನ್ನುತ್ತಾರೆ. ಕ್ರಿಪ್ಟ್ ಎಂದರೆ ಸಾಮಾನ್ಯವಾಗಿ ನೆಲದಡಿಯ ಕೋಣೆ. ಇಲ್ಲಿ ಮಾತ್ರ ಅವು ನೆಲದಡಿಯಲ್ಲಿಲ್ಲ, ಚರ್ಚಿನ ಅಡಿಯಲ್ಲಿವೆ. ದಕ್ಷಿಣದ ತೋಳಿನ ಕೆಳಗಿರುವ ಸೇಂಟ್ ಮಾರ್ಟಿನ್ ಕ್ರಿಪ್ಟ್‌ನ ಕಮಾನು ಛಾವಣಿ ಒಂದೇ ನೆಗೆತಕ್ಕೆ 9 ಮೀಟರ್ ಅಗಲವನ್ನು ದಾಟುತ್ತದೆ. ಅದು ಸಾವಿರ ವರ್ಷದಿಂದ ಹಾಗೆಯೇ ನಿಂತಿದೆ. ಪ್ರವಾಸಿಗರು ಸಾಮಾನ್ಯವಾಗಿ ಅಲ್ಲಿ ಎರಡು ನಿಮಿಷವೂ ನಿಲ್ಲುವುದಿಲ್ಲ. ಕತ್ತಲು, ಬೋಳು ಗೋಡೆ, ಫೋಟೊ ಚೆನ್ನಾಗಿ ಬರುವುದಿಲ್ಲ. ನನಗೆ ಕೇಳಿದರೆ ಇಡೀ ಮಠದಲ್ಲಿ ಮೊದಲು ಕೈಮುಗಿಯಬೇಕಾದ ಜಾಗ ಅದು.

ಈ ಕಟ್ಟಡವನ್ನು ಅರ್ಥಮಾಡಿಕೊಳ್ಳಲು ಶೈಲಿಗಳ ಹೆಸರಿಗಿಂತ ಒಂದೇ ಒಂದು ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ: ಮೇಲಿನ ಭಾರ ಎಲ್ಲಿಗೆ ಹೋಗುತ್ತಿದೆ? ಭಾರಕ್ಕೆ ಸರಿಯಾದ ದಾರಿ ಸಿಗದ ಕಡೆಯಲ್ಲೆಲ್ಲ ಈ ಮಠ ಬಿದ್ದಿದೆ. ಬಿದ್ದ ಕಡೆಯಲ್ಲೆಲ್ಲ ಮುಂದಿನ ಕಾಲದವರು ತಮ್ಮ ಕಾಲದ ರೀತಿಯಲ್ಲಿ ಕಟ್ಟಿದ್ದಾರೆ. ಅಳಿಯ ಮತ್ತು ಗೈಡ್ ಇಬ್ಬರ ಜಗಳವೂ ಇಲ್ಲಿಂದಲೇ ಹುಟ್ಟಿದೆ.

ಮೊದಲಿನಿಂದ ಹೇಳುತ್ತೇನೆ. ಐತಿಹ್ಯದ ಪ್ರಕಾರ 708ರಲ್ಲಿ ಅವ್ರಾಂಶ್ ಪಟ್ಟಣದ ಬಿಷಪ್ ಓಬೇರ್ ಅವರ ಕನಸಿನಲ್ಲಿ ದೇವದೂತ ಮೈಕೆಲ್ ಕಾಣಿಸಿಕೊಂಡು, ಬಂಡೆಯ ಮೇಲೆ ನನಗೊಂದು ಗುಡಿ ಕಟ್ಟು ಎಂದನಂತೆ. ಎರಡು ಸಲ ಹೇಳಿದರೂ ಬಿಷಪ್ ಕಿವಿಗೆ ಹಾಕಿಕೊಳ್ಳಲಿಲ್ಲ; ಮೂರನೆಯ ಸಲ ದೇವದೂತ ಅವರ ತಲೆಗೆ ಬೆರಳು ಒತ್ತಿದನಂತೆ. ತೂತಿರುವ ಒಂದು ತಲೆಬುರುಡೆಯನ್ನು ಅವ್ರಾಂಶ್‌ನ ಚರ್ಚಿನಲ್ಲಿ ಇಂದಿಗೂ ತೋರಿಸುತ್ತಾರೆ. ಇಟಲಿಯ ಮೋಂತೆ ಗಾರ್ಗಾನೊ ಬೆಟ್ಟದಲ್ಲಿ ಅದಾಗಲೇ ಮೈಕೆಲ್‌ನ ಪ್ರಸಿದ್ಧ ಗುಹಾಲಯವಿತ್ತು. ಓಬೇರ್ ಕಟ್ಟಿಸಿದ್ದು ಅದರ ಮಾದರಿಯ ಚಿಕ್ಕ ಗುಡಿ. 966ರಲ್ಲಿ ನಾರ್ಮಂಡಿಯ ದೊರೆ ಒಂದನೇ ರಿಚರ್ಡ್ ಇಲ್ಲಿ ಬೆನೆಡಿಕ್ಟೈನ್ (ಸಂತ ಬೆನೆಡಿಕ್ಟರ ನಿಯಮ ಪಾಲಿಸುವ) ಸನ್ಯಾಸಿಗಳನ್ನು ನೆಲೆಗೊಳಿಸಿದ. ಮಠದ ಚರಿತ್ರೆ ನಿಜವಾಗಿ ಶುರುವಾಗುವುದು ಅಲ್ಲಿಂದ.

10ನೇ ಶತಮಾನದ ಒಂದು ಪುಟ್ಟ ಚರ್ಚು ಈಗಲೂ ಇದೆ. ಹೆಸರು ನೋತ್ರ್ ದಾಮ್ ಸೂ ತೇರ್, ಎಂದರೆ ನೆಲದಡಿಯ ಅಮ್ಮನವರು. ನಡುವೆ ದಪ್ಪ ಗೋಡೆ, ಆ ಗೋಡೆಯಲ್ಲಿ ಎರಡು ಕಮಾನು, ಆಚೆ ಈಚೆ ಎರಡು ಕಿರಿದಾದ ಹಜಾರ. ಇಷ್ಟೇ. 11ನೇ ಶತಮಾನದವರು ಹೊಸ ಚರ್ಚಿನ ಪಶ್ಚಿಮದ ತೋಳನ್ನು ಚಾಚುವಾಗ ಇದನ್ನು ಒಡೆಯಲಿಲ್ಲ, ಅದನ್ನೇ ಆಸರೆಯಾಗಿ ಬಳಸಿಕೊಂಡರು. ನಾಲ್ಕನೇ ಕ್ರಿಪ್ಟ್ ಇದೇ. ಹಳೆಯ ದೇವರಮನೆಯ ಮೇಲೆಯೇ ಹೊಸ ಮನೆಯ ಅಟ್ಟ ಏರಿಸಿದಂತೆ. 18ನೇ ಶತಮಾನದಲ್ಲಿ ಇದರೊಳಗೆ ಅಡಿಪಾಯದ ಗೋಡೆಗಳನ್ನು ತುಂಬಿ ಮುಚ್ಚಿಬಿಟ್ಟರು. 20ನೇ ಶತಮಾನದ ಆರಂಭದಲ್ಲಿ ವಾಸ್ತುಶಿಲ್ಪಿ ಪೋಲ್ ಗೂ ಅದನ್ನು ಪತ್ತೆಮಾಡಿದರು. 1960ರ ಸುಮಾರಿಗೆ ಇನ್ನೊಬ್ಬ ವಾಸ್ತುಶಿಲ್ಪಿ ಈವ್ ಮಾರಿ ಫ್ರುವಾದವೋ ಮೇಲಿನ ಮುಂಭಾಗದ ಭಾರವನ್ನು, ಒಳಗಿನ ಉಕ್ಕನ್ನು ಮೊದಲೇ ಎಳೆದು ಬಿಗಿದ ಕಾಂಕ್ರೀಟ್ ತೊಲೆಯ ಮೇಲೆ ಎತ್ತಿಹಿಡಿದು, ಒಳಗಿನ ಅಡ್ಡಗೋಡೆಗಳನ್ನು ತೆಗೆಸಿದರು. ಸಾವಿರ ವರ್ಷದ ಗುಡಿಯನ್ನು ಬಿಡುಗಡೆ ಮಾಡಿದ್ದು ಕಾಂಕ್ರೀಟ್. ಹಳೆಯ ಕಟ್ಟಡದ ಹತ್ತಿರ ಸಿಮೆಂಟ್ ಸುಳಿಯಲೇಬಾರದು ಎನ್ನುವ ನನ್ನಂಥವರು ಇಲ್ಲಿ ಸ್ವಲ್ಪ ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ.

ಕಲ್ಲು ಬಂದದ್ದು ಶೋಸೇ ದ್ವೀಪಗಳಿಂದ, ಸಮುದ್ರದ ಮೇಲೆ. ಈ ಕೊಲ್ಲಿಯಲ್ಲಿ ಉಬ್ಬರ ಮತ್ತು ಇಳಿತದ ನಡುವಿನ ಅಂತರ ದೊಡ್ಡ ದಿನಗಳಲ್ಲಿ 14 ಮೀಟರ್ ಮುಟ್ಟುತ್ತದೆ. ಉಬ್ಬರದಲ್ಲಿ ದೋಣಿ ಬಂಡೆಯ ಬುಡಕ್ಕೇ ಬರಬಹುದು, ಇಳಿತದಲ್ಲಿ ಮರಳಿನ ಮೇಲೆ ಕೂತುಬಿಡುತ್ತದೆ. ಗ್ರಾನೈಟ್‌ನಂಥ ಭಾರವನ್ನು ಇಳಿಸಲು ಇದಕ್ಕಿಂತ ಅನುಕೂಲ ಬೇಕೆ? ಆದರೆ ಅದೇ ಮರಳು ಮನುಷ್ಯರನ್ನೂ ನುಂಗುತ್ತದೆ. 11ನೇ ಶತಮಾನದ ಪ್ರಸಿದ್ಧ ಬಾಯೋ ಕಸೂತಿ ಪಟದಲ್ಲಿ ಇಂಗ್ಲೆಂಡಿನ ಸರದಾರ ಹೆರಾಲ್ಡ್ ಮರಳಿನಲ್ಲಿ ಹೂತುಹೋಗುತ್ತಿದ್ದ ಸೈನಿಕರನ್ನು ಎಳೆದು ಉಳಿಸುವ ದೃಶ್ಯವಿದೆ. ಹಿಂದೆ ಗುಡ್ಡದ ಮೇಲೆ ಈ ಚರ್ಚನ್ನೂ ಹೊಲಿದಿದ್ದಾರೆ.

ಚರ್ಚಿನ ಉದ್ದ ಹಜಾರಕ್ಕೆ ಏಳು ಅಂಕಣಗಳಿದ್ದವು. ನಮ್ಮ ಹಳೆಯ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಅಳೆಯುವಂತೆಯೇ ಅಲ್ಲಿಯೂ ಎರಡು ಕಂಬಗಳ ನಡುವಿನ ಜಾಗವೇ ಲೆಕ್ಕ. ಗೋಡೆ ಮೂರು ಅಂತಸ್ತಿನದು: ಕೆಳಗೆ ದೊಡ್ಡ ಕಮಾನುಗಳು, ನಡುವೆ ಜೋಡಿ ಕಮಾನುಗಳ ಸಾಲು, ಮೇಲೆ ಕಿಟಕಿ. ಛಾವಣಿ ಮಾತ್ರ ಕಲ್ಲಿನದಲ್ಲ, ಮರದ್ದು. ಇದು ಹಣದ ಕೊರತೆಯಲ್ಲ, ವಿವೇಕ. ಕಲ್ಲಿನ ಕಮಾನು ಛಾವಣಿ ಕೆಳಕ್ಕೆ ಮಾತ್ರವಲ್ಲ, ಪಕ್ಕಕ್ಕೂ ತಳ್ಳುತ್ತದೆ. ನಮ್ಮ ಹಳೆಯ ದೇವಾಲಯಗಳ ಕಲ್ಲಿನ ತೊಲೆಗೆ ಆ ಗುಣವಿಲ್ಲ, ಅದು ಕೆಳಕ್ಕಷ್ಟೇ ಒತ್ತುತ್ತದೆ. ಆದ್ದರಿಂದ ನಮ್ಮಲ್ಲಿ ಗೋಡೆಯನ್ನು ಹೊರಗಿನಿಂದ ಆನಿಸಿ ಹಿಡಿಯುವ ಚಿಂತೆ ಕಡಿಮೆ. ಬೆಟ್ಟದ ಅಂಚಿನಲ್ಲಿ ಪಕ್ಕಕ್ಕೆ ತಳ್ಳುವ ಛಾವಣಿ ಇಟ್ಟರೆ ಅದನ್ನು ತಡೆಯುವ ಆನಿಕೆ ಗೋಡೆಗೆ ನಿಲ್ಲಲು ನೆಲ ಎಲ್ಲಿ?

ಅಷ್ಟು ಎಚ್ಚರವಿದ್ದರೂ 1103ರಲ್ಲಿ ಹಜಾರದ ಉತ್ತರದ ಗೋಡೆ ಕುಸಿದು ಪಕ್ಕದಲ್ಲಿದ್ದ ಸನ್ಯಾಸಿಗಳ ಮಲಗುವ ಮನೆಯ ಮೇಲೆ ಬಿತ್ತು. ಕೆಲಸ ಮುಗಿದು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಮತ್ತೆ ಕಟ್ಟಿದರು. ಆದ್ದರಿಂದ ಈಗ ಹಜಾರದಲ್ಲಿ ನಿಂತರೆ ನಿಮ್ಮ ದಕ್ಷಿಣದ ಗೋಡೆ 11ನೇ ಶತಮಾನದ್ದು, ಉತ್ತರದ್ದು 12ನೆಯದ್ದು.

12ನೇ ಶತಮಾನದ ದೊಡ್ಡ ಹೆಸರು ರೋಬೇರ್ ದ ತೋರಿನ್ಯಿ. 1154ರಿಂದ 1186ರವರೆಗೆ ಮಠಾಧಿಪತಿ, ಇತಿಹಾಸ ಬರೆದವರು, ರಾಜರ ಸ್ನೇಹಿತರು. 1158ರಲ್ಲಿ ಇಂಗ್ಲೆಂಡಿನ ಎರಡನೇ ಹೆನ್ರಿ ಮತ್ತು ಫ್ರಾನ್ಸಿನ ಏಳನೇ ಲೂಯಿ ಇಬ್ಬರನ್ನೂ ಇಲ್ಲಿಗೆ ಬರಮಾಡಿಕೊಂಡವರು. ಪುಸ್ತಕಗಳ ವಿಷಯದಲ್ಲಿ ಅವರ ಕಾಲ ಚಿನ್ನದ ಕಾಲ. ಕಟ್ಟಡದ ವಿಷಯದಲ್ಲಿ ನನಗೆ ಅಷ್ಟು ಗೌರವವಿಲ್ಲ. ಪಶ್ಚಿಮದ ಮುಂಭಾಗಕ್ಕೆ ಅವರು ಎರಡು ಗೋಪುರ ಎಬ್ಬಿಸಿದರು, ಒಂದೂ ಉಳಿದಿಲ್ಲ. ಅವರು ಕಟ್ಟಿಸಿದ ಅತಿಥಿಗೃಹವೂ 1817ರಲ್ಲಿ ಬಿದ್ದುಹೋಯಿತು.

ಈಗ ಮುಖ್ಯ ಭಾಗಕ್ಕೆ ಬರೋಣ. 1204ರಲ್ಲಿ ಫ್ರಾನ್ಸಿನ ರಾಜ ಫಿಲಿಪ್ ಆಗಸ್ಟ್ ನಾರ್ಮಂಡಿಯನ್ನು ಗೆದ್ದ. ಅವನ ಪಕ್ಷದ ಬ್ರೆತಾನ್ ಪ್ರಾಂತದ ಸೈನ್ಯ ಬಂಡೆಯ ಮೇಲಿನ ಊರಿಗೆ ಬೆಂಕಿಯಿಟ್ಟಿತು, ಮಠಕ್ಕೂ ಹಾನಿಯಾಯಿತು. ತಪ್ಪು ತಿದ್ದಿಕೊಳ್ಳಲೋ ಹೊಸ ಪ್ರಜೆಗಳನ್ನು ಒಲಿಸಿಕೊಳ್ಳಲೋ ರಾಜ ದೊಡ್ಡ ಮೊತ್ತ ಕೊಟ್ಟ. ಆ ಹಣದಲ್ಲಿ ಎದ್ದದ್ದೇ ಉತ್ತರದ ಬದಿಯ ಲಾ ಮೆರ್ವೆಯ್. ‘ಅದ್ಭುತ’ ಎಂಬುದೇ ಅದರ ಹೆಸರು. 1211ರಿಂದ 1228ರವರೆಗೆ ಹದಿನೇಳು ವರ್ಷ. ಕಡಿದಾದ ಇಳಿಜಾರಿಗೆ ಒರಗಿಕೊಂಡಂತೆ ಎರಡು ಕಟ್ಟಡ, ಪ್ರತಿಯೊಂದಕ್ಕೂ ಮೂರು ಅಂತಸ್ತು.

ಪೂರ್ವದ ಕಟ್ಟಡದಲ್ಲಿ ಕೆಳಗಿನದು ಬಡ ಯಾತ್ರಿಕರಿಗೆ ಅನ್ನ ಕೊಡುತ್ತಿದ್ದ ದಾಸೋಹದ ಕೋಣೆ, ನಡುವಿನದು ರಾಜರು ಮತ್ತು ದೊಡ್ಡವರು ಉಣ್ಣುತ್ತಿದ್ದ ಅತಿಥಿಗಳ ಸಭಾಂಗಣ, ಮೇಲಿನದು ಸನ್ಯಾಸಿಗಳ ಭೋಜನಶಾಲೆ. ಪಶ್ಚಿಮದ ಕಟ್ಟಡದಲ್ಲಿ ಕೆಳಗೆ ಉಗ್ರಾಣ, ನಡುವೆ ಸನ್ಯಾಸಿಗಳು ಗ್ರಂಥಗಳನ್ನು ನಕಲು ಮಾಡುತ್ತಿದ್ದ ಸಭಾಂಗಣ, ಮೇಲೆ ನೀವು ಕಂಡ ಕಂಬಸಾಲಿನ ಅಂಗಳ. ಹೊಟ್ಟೆಯಿಂದ ಆತ್ಮದವರೆಗೆ ಮೆಟ್ಟಿಲು ಏರಿದಂತೆ ಎಂದು ಇದನ್ನು ಧರ್ಮದ ಭಾಷೆಯಲ್ಲಿ ವಿವರಿಸುವವರಿದ್ದಾರೆ. ಬಡವರು ಕೆಳಗೆ, ಶ್ರೀಮಂತರು ನಡುವೆ, ಗುರುಗಳು ಮೇಲೆ ಎಂದು ಸಮಾಜದ ಭಾಷೆಯಲ್ಲಿ ಹೇಳುವವರೂ ಇದ್ದಾರೆ. ಎರಡೂ ಸುಳ್ಳಲ್ಲ. ಆದರೆ ಮೇಸ್ತ್ರಿಯ ಕಣ್ಣಿಗೆ ಮೊದಲು ಕಾಣುವುದು ಬೇರೆ: ಮೇಲೆ ಹೋದಂತೆ ಕಟ್ಟಡ ತೆಳ್ಳಗಾಗುತ್ತದೆ. ಉಗ್ರಾಣದ ಕಂಬಗಳು ಮೊದ್ದು ಮೊದ್ದಾಗಿ, ಕೆತ್ತನೆಯೇ ಇಲ್ಲದೆ ನಿಂತಿವೆ. ಅವುಗಳ ನೇರ ಮೇಲೆ ನಡು ಅಂತಸ್ತಿನ ಗೋಥಿಕ್ (ಚೂಪು ಕಮಾನಿನ ಶೈಲಿಯ) ಕಂಬಗಳು ಏಳುತ್ತವೆ. ಅವುಗಳ ಮೇಲಿನ ಅಂತಸ್ತಿನಲ್ಲಿ ಕಲ್ಲಿನ ಛಾವಣಿಯೇ ಇಲ್ಲ.

ಭೋಜನಶಾಲೆಯನ್ನೇ ನೋಡಿ. ಮೇಲೆ ಮರದ ಛಾವಣಿ. ಉದ್ದನೆಯ ಗೋಡೆಗಳಲ್ಲಿ ದೊಡ್ಡ ಕಿಟಕಿ ಇಟ್ಟರೆ ಗೋಡೆ ದುರ್ಬಲ, ಇಡದಿದ್ದರೆ ಊಟದ ಮನೆ ಕತ್ತಲು. ಅವರು ಕಂಡುಕೊಂಡ ಉಪಾಯ 59 ಕಿರಿದಾದ ಕಿಟಕಿಗಳು. ಒಂದೊಂದೂ ಆಳವಾದ ಸೀಳು. ಎರಡು ಸೀಳುಗಳ ನಡುವಿನ ಗೋಡೆಯೇ ಒಂದು ಕಂಬದಂತೆ ಭಾರ ಹೊರುತ್ತದೆ. ಬಾಗಿಲಲ್ಲಿ ನಿಂತರೆ ಎರಡೂ ಬದಿಯಲ್ಲಿ ಕಿಟಕಿಯೇ ಕಾಣುವುದಿಲ್ಲ, ಆದರೂ ಕೋಣೆಯ ತುಂಬ ಬೆಳಕು. ಒಂದೊಂದು ಹೆಜ್ಜೆ ಮುಂದಿಟ್ಟಾಗ ಪಕ್ಕದ ಕಿಟಕಿ ಮಾತ್ರ ತೆರೆದುಕೊಳ್ಳುತ್ತದೆ. ಭಾರದ ಲೆಕ್ಕದಿಂದ ಹುಟ್ಟಿದ ಸೌಂದರ್ಯ ಅದು.

ಅಂಗಳದ ಸುತ್ತಲಿನ ಕೈಸಾಲೆಯಲ್ಲಿಯೂ ಇದೇ ಜಾಣತನ. ಸಣ್ಣ ಕಂಬಗಳು ಒಟ್ಟು 137. ಎರಡು ಸಾಲಿನಲ್ಲಿ ನಿಂತಿವೆ, ಆದರೆ ಒಂದರ ಹಿಂದೆ ಒಂದಲ್ಲ: ಹೊರಸಾಲಿನ ಎರಡು ಕಂಬಗಳ ನಡುವಿನ ತೆರಪಿಗೆ ಸರಿಯಾಗಿ ಒಳಸಾಲಿನ ಕಂಬ ಬರುತ್ತದೆ. ಮೂರು ಕಾಲಿನ ಮಣೆ ಅಲುಗಾಡದಂತೆ, ಮೂರು ಮೂರು ಕಂಬಗಳು ಸೇರಿ ಸ್ಥಿರವಾಗುತ್ತವೆ. ಆದ್ದರಿಂದಲೇ ಅಷ್ಟು ತೆಳ್ಳಗಿನ ಕಂಬ ಸಾಕಾಯಿತು. ಕಂಬಗಳ ಮೇಲಿನ ಎಲೆ ಹೂವಿನ ಕೆತ್ತನೆ ಕಾಂ ಪಟ್ಟಣದ ಮೆತ್ತಗಿನ ಸುಣ್ಣಕಲ್ಲಿನದು; ಗ್ರಾನೈಟ್‌ನಲ್ಲಿ ಅಂಥ ಕುಸುರಿ ಮಾಡಲು ಹೋದರೆ ಉಳಿ ಸೋಲುತ್ತದೆ. ಕಂಬಗಳು ಮಾತ್ರ ಬಹುಪಾಲು 19ನೇ ಶತಮಾನದ ದುರಸ್ತಿಯಲ್ಲಿ ಬದಲಾದವು. ಅಳಿಯನಿಗೆ ಇಲ್ಲಿ ಒಂದು ಅಂಕ.

ಈ ಅಂಗಳ ನೆಲದ ಮೇಲಿಲ್ಲ, ಎರಡು ಅಂತಸ್ತಿನ ಮೇಲೆ ಇದೆ ಎಂಬುದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ಉದಾಹರಣೆಯಿದೆ. 1960ರ ದಶಕದಲ್ಲಿ ಇಲ್ಲಿ ಮಧ್ಯಯುಗದ ಮಾದರಿಯ ಚೆಂದದ ಕೈತೋಟ ಬೆಳೆಸಿದ್ದರು. ತೋಟ ಎಂದ ಮೇಲೆ ನೀರು ಹಾಯಿಸಬೇಕಲ್ಲ? ಆ ನೀರು ಇಳಿದು ಕೆಳಗಿನ ಸಭಾಂಗಣದ ಕಮಾನುಗಳಲ್ಲಿ ಸೋರತೊಡಗಿತು. 2017ರ ದುರಸ್ತಿಯಲ್ಲಿ ತೋಟ ತೆಗೆದು, ನೀರು ಇಳಿಯದಂತೆ ಪದರ ಹಾಸಿ, ಬರೀ ಹುಲ್ಲು ಬೆಳೆಸಿದರು. ತಾರಸಿ ತೋಟ ಮಾಡಿ ಕೆಳಗಿನ ಮನೆಯವರ ಹತ್ತಿರ ಬೈಸಿಕೊಂಡವರಿಗೆ ಈ ಕಥೆ ಹೊಸದಲ್ಲ.

ಮುಂದಿನ ದೊಡ್ಡ ಕುಸಿತ 1421ರಲ್ಲಿ. ಫ್ರಾನ್ಸ್ ಮತ್ತು ಇಂಗ್ಲೆಂಡಿನ ನೂರು ವರ್ಷಗಳ ಯುದ್ಧ ನಡೆಯುತ್ತಿತ್ತು. ಸನ್ಯಾಸಿಗಳು ಕುಳಿತು ಹಾಡುವ ಪೂರ್ವಭಾಗ, ಅದರಡಿಯ ಕ್ರಿಪ್ಟ್ ಸಮೇತ ಬಿತ್ತು. ಇಂಗ್ಲಿಷರು ಮುತ್ತಿಗೆ ಹಾಕಿದ್ದರಿಂದ ತಕ್ಷಣ ಕಟ್ಟುವ ಮಾತೇ ಇರಲಿಲ್ಲ. 1434ರಲ್ಲಿ ಅವರ ಕೊನೆಯ ದಾಳಿ ಸೋತು, ಬಿಟ್ಟುಹೋದ ಎರಡು ಕಬ್ಬಿಣದ ಫಿರಂಗಿಗಳು ಊರಬಾಗಿಲಿನಲ್ಲಿವೆ. ನಾರ್ಮಂಡಿಯೆಲ್ಲ ಇಂಗ್ಲಿಷರ ಕೈಯಲ್ಲಿದ್ದಾಗಲೂ ಈ ಬಂಡೆ ಸಿಕ್ಕಲಿಲ್ಲ.

1446ರ ನಂತರ ಮತ್ತೆ ಕೆಲಸ ಶುರುವಾದಾಗ ಮೊದಲು ಕಟ್ಟಿದ್ದು ಹೊಸ ಕ್ರಿಪ್ಟ್. ಅದರ ಹೆಸರೇ ‘ದಪ್ಪ ಕಂಬಗಳ ಕ್ರಿಪ್ಟ್’. ದೊಡ್ಡ ಕಂಬಗಳ ಸುತ್ತಳತೆ 5 ಮೀಟರ್ ಸುಮಾರು. ಮೂವರು ಕೈ ಚಾಚಿ ತಬ್ಬಬೇಕು. ಒಮ್ಮೆ ಬಿದ್ದದ್ದನ್ನು ಕಂಡವರು ಕಟ್ಟಿದ ಕಂಬಗಳು ಎಂದು ನೋಡಿದಾಕ್ಷಣ ಗೊತ್ತಾಗುತ್ತದೆ. ಅವುಗಳ ಮೇಲೆ 1521ರ ಹೊತ್ತಿಗೆ ಮುಗಿದ ಪೂರ್ವಭಾಗವಂತೂ ಬೆಂಕಿಯ ನಾಲಗೆಗಳಂತೆ ಮೇಲೇಳುವ ಕೊನೆಯ ಕಾಲದ ಗೋಥಿಕ್. ಗೋಡೆಯೆಲ್ಲ ಗಾಜು. ಭಾರವನ್ನು ಹೊರಗಿನ ತೇಲುವ ಆನಿಕೆಗಳಿಗೆ, ಎಂದರೆ ಗೋಡೆಯನ್ನು ಹೊರಗಿನಿಂದ ಒತ್ತಿಹಿಡಿಯುವ ಅರ್ಧ ಕಮಾನುಗಳಿಗೆ, ದಾಟಿಸಿದ್ದಾರೆ, ಅಂಥ ಒಂದು ಆನಿಕೆಯ ಬೆನ್ನ ಮೇಲೆಯೇ ಕಸೂತಿಯಂಥ ಮೆಟ್ಟಿಲು ಹತ್ತಿಸಿದ್ದಾರೆ. ಕತ್ತಲ ಗಟ್ಟಿ ಹಜಾರದಿಂದ ಈ ಬೆಳಕಿಗೆ ಹೆಜ್ಜೆ ಇಡುವಾಗ ನೀವು ನಾಲ್ಕು ಶತಮಾನ ದಾಟುತ್ತೀರಿ.

ಇನ್ನು ಪಶ್ಚಿಮ. 1776ರಲ್ಲಿ ಬೆಂಕಿ ಬಿತ್ತು. ಹಜಾರದ ಏಳು ಅಂಕಣಗಳಲ್ಲಿ ಮೂರನ್ನು ಕೆಡವಿ, ಉಳಿದ ನಾಲ್ಕಕ್ಕೆ 1780ರಲ್ಲಿ ಆ ಕಾಲದ ಫ್ಯಾಷನ್ನಿನ ಒಂದು ಮುಂಭಾಗವನ್ನು ಅಂಟಿಸಿದರು. ನನ್ನ ಅಭಿಪ್ರಾಯ ಕೇಳಿದರೆ ಅದು ಮುದುಕಪ್ಪನ ತಲೆಗೆ ಹೊಸ ಟೋಪಿ. ಆದರೆ ಕೆಡವಿದ್ದರಿಂದ ಒಂದು ಲಾಭವಾಯಿತು: ಕಡಲು ನೋಡಲು ಎಲ್ಲರೂ ನಿಲ್ಲುವ ಆ ವಿಶಾಲ ಜಗುಲಿ ಸಿಕ್ಕಿತು. ಅದರ ಹಾಸುಗಲ್ಲುಗಳ ಮೇಲೆ ಕಲ್ಲುಕುಟಿಗರು ಕೊರೆದ ಗುರುತುಗಳೂ ಸಂಖ್ಯೆಗಳೂ ಇವೆ. ಕೂಲಿ ಲೆಕ್ಕ ಹಾಕಲು ಅವರವರ ಕಲ್ಲಿಗೆ ಅವರವರ ಗುರುತು.

ಫ್ರಾನ್ಸಿನ ಕ್ರಾಂತಿಯಾದಾಗ ಸನ್ಯಾಸಿಗಳು ಹೋದರು, ಕೈದಿಗಳು ಬಂದರು. 1863ರವರೆಗೆ ಇದು ಸೆರೆಮನೆ. ಬಾರ್ಬೆಸ್, ಬ್ಲಾಂಕಿಯಂಥ ಕ್ರಾಂತಿಕಾರಿಗಳೂ ಇಲ್ಲಿ ಕೊಳೆತರು. ಚರ್ಚಿನ ಹಜಾರಕ್ಕೆ ಅಟ್ಟ ಹೊಡೆದು ಕೈದಿಗಳ ಕೆಲಸದ ಶಾಲೆ ಮಾಡಿದ್ದರು. 1834ರಲ್ಲಿ ಅಲ್ಲಿಯೂ ಬೆಂಕಿ. ಮನುಷ್ಯರು ಒಳಗೆ ನಡೆದು ತಿರುಗಿಸುವ ದೊಡ್ಡ ಮರದ ಚಕ್ರವನ್ನು ನೀವು ನೋಡಿರಬೇಕು. ಅದರಿಂದ ಕೆಳಗಿನ ಸಾಮಾನನ್ನು ಇಳಿಜಾರಿನಲ್ಲಿ ಮೇಲಕ್ಕೆ ಎಳೆಯುತ್ತಿದ್ದರು. ಅಂಥ ಯಂತ್ರಗಳು ಮಧ್ಯಯುಗದಲ್ಲಿಯೂ ಇದ್ದವು, ಆದರೆ ನೀವು ಕಂಡದ್ದು ಸೆರೆಮನೆಯ ಕಾಲದ್ದು, ಒಳಗೆ ನಡೆದವರು ಕೈದಿಗಳು. ಒಂದು ಮಾತು ಒಪ್ಪಿಕೊಳ್ಳಬೇಕು: ಕ್ರಾಂತಿಯ ನಂತರ ಫ್ರಾನ್ಸಿನ ಎಷ್ಟೋ ಮಠಗಳನ್ನು ಕಲ್ಲಿಗಾಗಿ ಕಿತ್ತು ಮಾರಿದರು. ಇದು ಉಳಿದದ್ದಕ್ಕೆ ಸೆರೆಮನೆಯಾದದ್ದೂ ಒಂದು ಕಾರಣ.

1872ರಲ್ಲಿ ಸರ್ಕಾರ ವಾಸ್ತುಶಿಲ್ಪಿ ಎದುವಾರ್ ಕೊರ್ವಾಯೇ ಅವರನ್ನು ಕಳುಹಿಸಿತು. ಅಲ್ಲಿಂದ ದುರಸ್ತಿಯ ಕಾಲ. ದೂರದಿಂದ ಕಾಣುವ ಆ ಮೊನಚು ಗೋಪುರ, ಎಲ್ಲ ಚಿತ್ರಗಳಲ್ಲಿ ಮಠದ ಗುರುತೇ ಆಗಿಹೋಗಿರುವುದು, ವಿಕ್ತೋರ್ ಪೆತಿಗ್ರಾಂ 1897ರಲ್ಲಿ ಮುಗಿಸಿದ್ದು. ಅದರ ತುದಿಯ ಚಿನ್ನದ ಲೇಪದ ಮೈಕೆಲ್ ಶಿಲ್ಪಿ ಎಮಾನುಯೆಲ್ ಫ್ರೆಮಿಯೆ ಅವರದು. ಹಳೆಯ ಗಂಟೆಗೋಪುರಕ್ಕೆ ಮತ್ತೆ ಮತ್ತೆ ಸಿಡಿಲು ಬಡಿದಿತ್ತು. ಈಗ ದೇವದೂತನ ಕತ್ತಿಯೇ ಸಿಡಿಲನ್ನು ಹಿಡಿದು ನೆಲಕ್ಕೆ ಇಳಿಸುತ್ತದೆ. ಹೊಸ ಗೋಪುರದ ಭಾರ ಇಳಿಯುವುದು ಶಿಲುಬೆಯ ನಡುವಿನ ಕಂಬಗಳ ಮೇಲೆ, ಅಂದರೆ ನಾನು ಮೊದಲು ಹೇಳಿದ ಬಂಡೆಯ ನೆತ್ತಿಯ ಮೇಲೆ. ಪೆತಿಗ್ರಾಂ ಮೊದಲು ಆ ಕಂಬಗಳನ್ನು ಹೊಸದಾಗಿ ಕಟ್ಟಿಸಿಯೇ ಮೇಲೆ ಹೋದರು.

ಹಾಗಾದರೆ ಯಾರ ಮಾತು ಸರಿ? ದೂರದಿಂದ ಫೋಟೊ ತೆಗೆದರೆ ಅಳಿಯ ಅರ್ಧ ಗೆಲ್ಲುತ್ತಾನೆ, ಏಕೆಂದರೆ ಆಕಾಶಕ್ಕೆ ಎದ್ದ ಆ ಗೆರೆ 1897ರದು. ಕೆಳಗೆ ಇಳಿದಂತೆಲ್ಲ ಗೈಡ್ ಗೆಲ್ಲುತ್ತಾರೆ. ‘ಸಾವಿರ ವರ್ಷ’ ಎಂಬ ಮಾತನ್ನು ಇಡೀ ಕಟ್ಟಡಕ್ಕೆ ಅನ್ವಯಿಸದೆ, ಸೇಂಟ್ ಮಾರ್ಟಿನ್ ಕ್ರಿಪ್ಟ್ ಮತ್ತು ಹಜಾರದ ದಕ್ಷಿಣದ ಗೋಡೆಗೆ ಹೇಳಿದರೆ ಯಾರೂ ಅಲ್ಲಗಳೆಯುವಂತಿಲ್ಲ. ನೋತ್ರ್ ದಾಮ್ ಸೂ ತೇರ್ ಅದಕ್ಕಿಂತಲೂ ಹಳೆಯದು.

ಕೊನೆಯದಾಗಿ, ಆಕಾಶಕ್ಕೆ ತೆರೆದ ಆ ತೆರಪುಗಳು. ಅಲ್ಲಿ ಏನೂ ಇರಲಿಲ್ಲ. ಲಾ ಮೆರ್ವೆಯ್‌ಗೆ ಎರಡಲ್ಲ, ಮೂರು ಕಟ್ಟಡಗಳ ಯೋಜನೆಯಿತ್ತು. ಮೂರನೆಯದು ಪಶ್ಚಿಮಕ್ಕೆ ಬರಬೇಕಿತ್ತು. ಸನ್ಯಾಸಿಗಳು ದಿನವೂ ಸೇರಿ ಮಠದ ವ್ಯವಹಾರ ಮಾತನಾಡುವ ಸಭಾಭವನ ಅದರಲ್ಲಿ, ಅಂಗಳದ ಮಟ್ಟದಲ್ಲಿಯೇ ಇರಬೇಕಿತ್ತು. ಅದಕ್ಕೆ ಹೋಗಲು ಮೂರು ಕಮಾನುಗಳನ್ನು ಮೊದಲೇ ಬಿಟ್ಟು ಗೋಡೆ ಕಟ್ಟಿದರು. 1228ರಲ್ಲಿ ಕೆಲಸ ನಿಂತಿತು, ಮೂರನೆಯ ಕಟ್ಟಡ ಏಳಲೇ ಇಲ್ಲ. ಈಗ ಆ ಕಮಾನುಗಳಿಗೆ ಗಾಜು ಹಾಕಿದ್ದಾರೆ. ನೀವು ಅದರಾಚೆ ಕಂಡದ್ದು ಕಟ್ಟದೆ ಉಳಿದ ಸಭಾಭವನದ ಜಾಗ, ಅದರ ಕೆಳಗೆ ಬಂಡೆ, ಬಂಡೆಯ ಕೆಳಗೆ ಮರಳು.